ಹತ್ತಿ ಹೊಲಕ್ಕೆ ಯಾವ ಕವಚ?

ತೆಲಂಗಾಣದ ಗದ್ವಾಲ್, ಮಕ್ತಲ್, ನಾರಾಯಣಪೇಟೆ ಸೀಮೆಯಲ್ಲಿ ಬೆಳೆಗೆ ಎಣ್ಣೆ ಹೊಡೆಯುವವರಿಗೆ, ಅಂದರೆ ಕೀಟನಾಶಕ ಸಿಂಪಡಿಸುವವರಿಗೆ, ಮೈ ಕಾಪಾಡಿಕೊಳ್ಳುವುದನ್ನು ಹೇಳಿಕೊಡುವ ಕೆಲಸ ನನ್ನದು. ಮಕ್ತಲ್ ಕಡೆಯಿಂದ ಹೊಳೆ ದಾಟಿದರೆ ರಾಯಚೂರು. ಇಲ್ಲಿ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಅಂಗಡಿಯಲ್ಲಿ ಎರಡೂ. ಜುರಾಲಾ ಅಣೆಕಟ್ಟಿನ ನೀರು ಬಂದ ಕಡೆ ಭತ್ತ, ಎರೆ ಹೊಲದಲ್ಲಿ ಹತ್ತಿ, ಮಸಾರಿಯಲ್ಲಿ ತೊಗರಿ, ಶೇಂಗಾ. ಗದ್ವಾಲ್ ಸುತ್ತಮುತ್ತ ಹೈಬ್ರಿಡ್ ಹತ್ತಿಬೀಜ ಬೆಳೆಯುವವರು ಬಹಳ. ಈ ಹೊಲಗಳಲ್ಲಿ ಮೈಗೆ ಬರುವ ಅಪಾಯ ಒಂದೇ ಬಗೆಯದಲ್ಲ. ವಿಷ ಇದೆ, ಹಾವು ಇದೆ, ಕರೆಂಟ್ ಇದೆ, ಇವೆಲ್ಲದರ ಮೇಲೆ ಬಿಸಿಲಿದೆ. ಯಾವುದಕ್ಕೆ ಏನು ಹಾಕಿಕೊಳ್ಳಬೇಕು, ಯಾವುದಕ್ಕೆ ಯಾವ ಬಟ್ಟೆಯೂ ಸಾಲದು ಎಂಬುದರ ಬಗ್ಗೆ ಈ ಕೆಲಸದಲ್ಲಿ ಕಂಡುಕೊಂಡದ್ದನ್ನು ಬರೆಯುತ್ತಿದ್ದೇನೆ.

1. ಮೊದಲು ವೈರಿ ಯಾರೆಂದು ಕೇಳಿ, ಆಮೇಲೆ ಕವಚ

ಊರಿನ ಸಭೆಗಳಲ್ಲಿ ಬರುವ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಇದೇ: "ಸಾರ್, ಯಾವ ಡ್ರೆಸ್ ಛಲೋ ಇರ್ತದ, ಅದೊಂದು ಹೇಳ್ರಿ." ಎಲ್ಲಕ್ಕೂ ಆಗುವ ಒಂದು ಡ್ರೆಸ್ಸು ಎಲ್ಲೂ ಇಲ್ಲ.

ಇದು ಪೊಲೀಸರಿಗೂ ಗೊತ್ತಿರುವ ಸಂಗತಿ. ಗುಂಡಿನ ಭಯ ನಮ್ಮ ಸೀಮೆಗೆ ಹೊಸದೇನಲ್ಲ. 2005ರ ಆಗಸ್ಟ್ 15ರಂದು ಮಕ್ತಲ್ ಶಾಸಕರಾಗಿದ್ದ ಚಿತ್ತೆಂ ನರ್ಸಿ ರೆಡ್ಡಿ ಅವರು ನಾರಾಯಣಪೇಟೆಯಲ್ಲಿಯೇ ಮಾವೋವಾದಿಗಳ ಗುಂಡಿಗೆ ಬಲಿಯಾದರು. ಗುಂಡು ನಿರೋಧಕ ಜಾಕೆಟ್ಟುಗಳಿಗೆಂದು 2018ರಲ್ಲಿ ಬಂದ ಭಾರತೀಯ ಮಾನಕ ಐಎಸ್ 17051 ಅಪಾಯವನ್ನು ಆರು ಹಂತಗಳಾಗಿ ವಿಂಗಡಿಸಿದೆ. ಪಿಸ್ತೂಲಿನ ಗುಂಡು ತಡೆಯುವ ಮೆತ್ತನೆಯ ಜಾಕೆಟ್ಟು ರೈಫಲ್ಲಿನ ಗುಂಡನ್ನು ತಡೆಯುವುದಿಲ್ಲ, ಅದಕ್ಕೆ ಒಳಗೆ ಗಟ್ಟಿ ಫಲಕ ಬೇಕು. ಚೂರಿಯ ಇರಿತಕ್ಕೆ ನೇಯ್ಗೆಯೇ ಬೇರೆ. ಮೈಮೇಲೆ ಜಾಕೆಟ್ಟಿದೆ ಎಂಬ ಧೈರ್ಯದಲ್ಲಿ ತಪ್ಪು ಜಾಕೆಟ್ಟು ತೊಟ್ಟವನು ಏನೂ ತೊಡದವನಿಗಿಂತ ಹೆಚ್ಚಿನ ಅಪಾಯದೊಳಕ್ಕೆ ನುಗ್ಗುತ್ತಾನೆ.

ಇನ್ನೂ ಹಿಂದಕ್ಕೆ ಹೋಗೋಣ. 1520ರಲ್ಲಿ ಕೃಷ್ಣದೇವರಾಯನ ದಂಡು ರಾಯಚೂರಿನ ಮೇಲೆ ಹೋದದ್ದನ್ನು ಪೋರ್ಚುಗೀಸ್ ಬರಹಗಾರ ನೂನಿಜ್ ವಿವರವಾಗಿ ಬರೆದಿಟ್ಟಿದ್ದಾನೆ. ಬಿಲ್ಲಾಳುಗಳ ಮೈಮೇಲೆ ಹೊಲಿಗೆ ಹಾಕಿದ ದಪ್ಪ ಅಂಗಿ, ಸವಾರರ ತಲೆಯ ಮೇಲೆ ಹತ್ತಿ ತುಂಬಿದ ಟೊಪ್ಪಿಗೆ ಇದ್ದವು ಎನ್ನುತ್ತಾನೆ. ಇದೇ ಸೀಮೆಯಲ್ಲಿ ಒಂದು ಕಾಲಕ್ಕೆ ಯೋಧರ ಮೈ ಕಾಯ್ದ ಹತ್ತಿ ಇವತ್ತು ಎಣ್ಣೆ ಹೊಡೆಯುವವನ ಮೈಮೇಲೆ ಅಂಗಿಯಾಗಿ ವಿಷವನ್ನು ಹೀರಿ ಚರ್ಮಕ್ಕೆ ಅಂಟಿಸಿಬಿಡುತ್ತದೆ. ಬಟ್ಟೆಯಲ್ಲಿ ದೋಷವಿಲ್ಲ, ವೈರಿ ಬದಲಾಗಿದೆ.

2. ವಿಷ ಒಳಗೆ ಹೋಗುವ ಬಾಗಿಲು ಮೂಗಿಗಿಂತ ಚರ್ಮ

ಎಣ್ಣೆ ಹೊಡೆಯುವವರಲ್ಲಿ ಹೆಚ್ಚಿನವರು ಕಾಪಾಡಿಕೊಳ್ಳುವುದು ಮೂಗನ್ನು ಮಾತ್ರ. ಹೆಗಲ ಮೇಲಿನ ಟವೆಲ್ಲನ್ನೇ ಮುಖಕ್ಕೆ ಸುತ್ತಿಕೊಂಡು, ಲುಂಗಿ ಮೇಲಕ್ಕೆ ಕಟ್ಟಿ, ಬರಿಗಾಲಲ್ಲಿ ಸಾಲಿಗೆ ಇಳಿಯುತ್ತಾರೆ. ವಾಸನೆ ಬರುವುದು ಮೂಗಿಗೆ, ಹಾಗಾಗಿ ಅಪಾಯವೂ ಅಲ್ಲೇ ಎಂಬ ನಂಬಿಕೆ. ಕೈಪಂಪಿನಲ್ಲೋ ಬ್ಯಾಟರಿ ಪಂಪಿನಲ್ಲೋ ಹೊಡೆಯುವಾಗ ಬೀಳುವ ಹನಿ ದಪ್ಪ. ಅದು ಉಸಿರಿನಲ್ಲಿ ಹೋಗುವುದಕ್ಕಿಂತ ಹೆಚ್ಚಾಗಿ ಕೈ, ಬೆನ್ನು, ತೊಡೆ, ಕಾಲಿನ ಮೇಲೆ ಕೂರುತ್ತದೆ.

ಚರ್ಮವೂ ಎಲ್ಲ ಕಡೆ ಒಂದೇ ಅಲ್ಲ. ಪ್ಯಾರಾಥಿಯಾನ್ ಎಂಬ ಕೀಟನಾಶಕ ಮೈಯ ಯಾವ ಭಾಗದಿಂದ ಎಷ್ಟು ಇಂಗುತ್ತದೆ ಎಂದು ಮನುಷ್ಯರ ಮೇಲೆಯೇ ಅಳೆದ ಅಧ್ಯಯನವೊಂದು 1971ರಲ್ಲಿ ಪ್ರಕಟವಾಯಿತು. ಮುಂಗೈಯಿಂದ ಹೋಗುವುದನ್ನು 1 ಎಂದಿಟ್ಟುಕೊಂಡರೆ ಅಂಗೈಯಿಂದ 1.3, ಹೊಟ್ಟೆಯಿಂದ 2ರಷ್ಟು, ನೆತ್ತಿಯಿಂದ 4ರ ಹತ್ತಿರ, ಹಣೆಯಿಂದ 4ಕ್ಕೂ ಹೆಚ್ಚು, ಕಿವಿಯೊಳಗಿಂದ 5ಕ್ಕೂ ಹೆಚ್ಚು. ಗಂಡಸರ ವೃಷಣದ ಚರ್ಮದಿಂದ ಸುಮಾರು 12 ಪಟ್ಟು. ಈ ಕೊನೆಯ ಅಂಕಿಯನ್ನು ಸಭೆಯಲ್ಲಿ ಹೇಳಿದಾಗ ಹಿಂದಿನ ಸಾಲಿನವರೂ ಮುಂದಕ್ಕೆ ಬಂದು ಕೂರುತ್ತಾರೆ. ಹತ್ತಿ ಸೊಂಟದೆತ್ತರ ಬಂದ ಮೇಲೆ, ಮುಂದೆ ಎಣ್ಣೆ ಹೊಡೆಯುತ್ತ ಅದೇ ತೊಯ್ದ ಎಲೆಗಳ ನಡುವೆ ಹೆಜ್ಜೆ ಇಡುವವನ ಲುಂಗಿ ಮೊದಲು ಒದ್ದೆಯಾಗುವುದು ಎಲ್ಲಿ ಎಂಬುದನ್ನು ಅವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

2017ರಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ ಹತ್ತಿಗೆ ಸಿಂಪಡಿಸಿದ 20ಕ್ಕೂ ಹೆಚ್ಚು ಮಂದಿ ಸತ್ತರು, ನೂರಾರು ಮಂದಿ ಆಸ್ಪತ್ರೆ ಸೇರಿದರು. ಆ ವರ್ಷ ಬೆಳೆ ಆಳೆತ್ತರಕ್ಕೆ ಬೆಳೆದಿತ್ತು. ನಮ್ಮಲ್ಲೂ ಬೀಜದ ಹತ್ತಿ ಎದೆ ಮುಟ್ಟುವ ಹೊಲಗಳಿವೆ. ಬೆಳೆ ಎದೆಗೆ ಬಂದ ಮೇಲೆ ಮೈ ಮೇಲಿನ ಕವಚವೂ ಎದೆಗೆ, ಕುತ್ತಿಗೆಗೆ, ತಲೆಗೆ ಏರಬೇಕು.

3. ಅತಿ ಗಟ್ಟಿ ಕವಚ ಬೇಕಾಗುವುದು ಬದುವಿನ ಮೇಲೆ

ಹೊಲದೊಳಗೆ ಹೊಡೆಯುವುದು ನೀರು ಬೆರೆತ ವಿಷ. ಬದುವಿನ ಮೇಲೆ ಬಾಟಲಿಯ ಮುಚ್ಚಳ ತೆಗೆದು ಸುರಿಯುವಾಗ ಕೈಗೆ ತಗುಲುವುದು ಹಸಿ ವಿಷ. ಒಂದೇ ಚಮಚ ಚೆಲ್ಲಿದರೂ ಅದು ಪಂಪಿನ ನೀರಿನ ಎಷ್ಟೋ ಲೀಟರಿಗೆ ಸಮ. ನಮ್ಮಲ್ಲಿ ಈ ಕೆಲಸ ನಡೆಯುವುದು ಬರಿಗೈಯಲ್ಲಿ, ಮುಚ್ಚಳವೇ ಅಳತೆ, ಕಲಕಲು ತೋಳೇ ಕೋಲು.

ಇಲ್ಲಿಗೆ ಬೇಕಾದದ್ದು ಮೂರು: ಮೊಣಕೈ ಹತ್ತಿರ ಬರುವ ನೈಟ್ರೈಲ್ ಕೈಗವಸು, ಎದೆಯಿಂದ ಮೊಣಕಾಲಿನ ಕೆಳಗೆ ಇಳಿಯುವ ಪ್ಲಾಸ್ಟಿಕ್ ಏಪ್ರನ್, ಕಣ್ಣಿನ ಪಕ್ಕವನ್ನೂ ಮುಚ್ಚುವ ಕನ್ನಡಕ. ಕೈಗವಸಿನಲ್ಲಿ ಜಾತಿ ನೋಡಿ ಕೊಳ್ಳಿ. ಬಟ್ಟೆಯದು, ಚರ್ಮದ್ದು ವಿಷ ಹೀರಿಕೊಂಡು ದಿನವಿಡೀ ಕೈಗೆ ಉಣಿಸುತ್ತಲೇ ಇರುತ್ತದೆ. ಆಸ್ಪತ್ರೆಯಲ್ಲಿ ಹಾಕುವ ತೆಳು ಲ್ಯಾಟೆಕ್ಸು ಎಣ್ಣೆಯಂಥ ದ್ರಾವಕಕ್ಕೆ ಬೇಗ ಸೋಲುತ್ತದೆ. ಕೈಗವಸಿಗೆ ಗಾಳಿ ಊದಿ, ಬಾಯಿ ಹಿಂಡಿ ಹಿಡಿದು, ಬಕೆಟ್ ನೀರಿನಲ್ಲಿ ಅದ್ದಿ ನೋಡಿ. ಗುಳ್ಳೆ ಎದ್ದರೆ ತೂತಿದೆ, ಬಿಸಾಡಿ.

ತೋಳಿನ ಒಳಗೋ ಹೊರಗೋ ಎಂಬುದಕ್ಕೂ ಲೆಕ್ಕವಿದೆ. ಕೈ ಕೆಳಗಿಟ್ಟು ಹೊಡೆಯುವಾಗ ಅಂಗಿಯ ತೋಳು ಕೈಗವಸಿನ ಮೇಲೆ ಬರಲಿ, ಇಳಿದದ್ದು ಹೊರಗೇ ಜಾರುತ್ತದೆ. ತಲೆಗಿಂತ ಎತ್ತರಕ್ಕೆ ಮಾವಿಗೋ ಬೇವಿಗೋ ಹೊಡೆಯುವಾಗ ಕೈಗವಸು ಅಂಗಿಯ ಮೇಲಿರಲಿ, ತುದಿಯನ್ನು ಹೊರಕ್ಕೆ ಮಡಿಚಿ. ಕೆಲಸ ಮುಗಿದ ಮೇಲೆ ಕೈಗವಸು ಕೈಯಲ್ಲಿ ಇರುವಾಗಲೇ ಸಾಬೂನು ಹಚ್ಚಿ ತೊಳೆದು, ಆಮೇಲೆ ಬಿಚ್ಚಿ.

ಬಾಟಲಿಯ ಮೇಲಿನ ತ್ರಿಕೋನದ ಬಣ್ಣ ಓದಲು ಯಾವ ಭಾಷೆಯೂ ಬೇಕಿಲ್ಲ. ಕೆಂಪು ಅತಿ ಘೋರ ವಿಷ, ಹಳದಿ ಘೋರ, ನೀಲಿ ಮಧ್ಯಮ, ಹಸಿರು ಕಡಿಮೆ. ಆದರೆ ಬಣ್ಣವನ್ನೇ ನಂಬಿ ಕೂರಬೇಡಿ. ಕಳೆನಾಶಕ ಪ್ಯಾರಾಕ್ವಾಟ್‌ಗೆ ಹಳದಿ ತ್ರಿಕೋನ, ಹೊಟ್ಟೆಗೆ ಹೋದರೆ ಅದಕ್ಕೆ ಪ್ರತಿವಿಷವೇ ಇಲ್ಲ.

4. ಪಂಪು ಹೊರದವರಿಗೂ ಕವಚ ಬೇಕು, ಅವರ ಕವಚ ಬೇರೆ

ಗದ್ವಾಲ್ ಕಡೆಯ ಬೀಜದ ಹೊಲಗಳಲ್ಲಿ ನನಗೆ ಅತಿ ಹೆಚ್ಚು ಚಿಂತೆ ಹತ್ತಿಸಿದವರು ಕ್ರಾಸಿಂಗ್, ಅಂದರೆ ಕೈಯಿಂದ ಪರಾಗಸ್ಪರ್ಶ, ಮಾಡುವ ಹೆಣ್ಣುಮಕ್ಕಳು. ಅವರು ಪಂಪು ಮುಟ್ಟುವುದಿಲ್ಲ, ತರಬೇತಿಗೆ ಅವರನ್ನು ಯಾರೂ ಕರೆಯುವುದಿಲ್ಲ. ಹೊಲದಲ್ಲಿ ಎಲ್ಲರಿಗಿಂತ ಹೆಚ್ಚು ಹೊತ್ತು ಗಿಡಕ್ಕೆ ಮೈ ತಾಗಿಸಿಕೊಂಡು ಇರುವವರು ಅವರೇ.

ಕೆಲಸ ನೋಡಿದವರಿಗೆ ಗೊತ್ತು. ಮಧ್ಯಾಹ್ನ ಇಳಿದ ಮೇಲೆ ಮರುದಿನ ಅರಳಲಿರುವ ಮೊಗ್ಗು ಹುಡುಕಿ, ಹೆಬ್ಬೆರಳ ಉಗುರನ್ನು ಬುಡಕ್ಕೆ ಒತ್ತಿ, ಎಸಳನ್ನೂ ಕೇಸರವನ್ನೂ ಒಂದೇ ತಿರುವಿಗೆ ಸುಲಿದು ತೆಗೆಯಬೇಕು, ಒಳಗಿನ ಎಳೆ ಶಲಾಕೆ ಮುರಿಯಬಾರದು. ಮರುದಿನ ಬೆಳಿಗ್ಗೆ ಗಂಡು ಸಾಲಿನ ಹೂ ಕಿತ್ತು ತಂದು, ಸುಲಿದಿಟ್ಟ ಒಂದೊಂದಕ್ಕೂ ಪರಾಗ ಸವರಬೇಕು. ಇಡೀ ಕೆಲಸ ನಿಂತಿರುವುದು ಉಗುರಿನ ಮೊನೆಯ ಮೇಲೆ. ಕೈಗವಸು ಹಾಕಿ ಎಂದರೆ, "ಉಗುರು ಹತ್ತಂಗಿಲ್ರಿ ಸಾರ್, ಕಾಯಿ ಉದರ್ತಾವ" ಎನ್ನುತ್ತಾರೆ. ಅವರು ಹೇಳುವುದು ನಿಜ. ಈ ಕೆಲಸಕ್ಕೆ ಬೆರಳು ಮುಚ್ಚುವ ಕವಚ ಇಲ್ಲ.

ಹಾಗಾಗಿ ಅವರ ಕವಚ ವೇಳೆ. ಎಣ್ಣೆ ಹೊಡೆದ ಮೇಲೆ ಎಷ್ಟು ಹೊತ್ತು ಆ ಹೊಲಕ್ಕೆ ಕಾಲಿಡಬಾರದು ಎಂಬುದು ಬಾಟಲಿಯ ಚೀಟಿಯಲ್ಲಿದ್ದರೆ ಅದರಂತೆ ನಡೆಯಿರಿ. ಇಲ್ಲದಿದ್ದರೆ ನಾನು ಹೇಳುವುದು ಇಷ್ಟು: ಎಲೆ ಒಣಗಬೇಕು, ಕನಿಷ್ಠ 24 ಗಂಟೆ ಕಳೆಯಬೇಕು, ಕೆಂಪು ಹಳದಿ ತ್ರಿಕೋನಕ್ಕೆ 48 ಗಂಟೆ. ಕ್ರಾಸಿಂಗ್ ಹೊತ್ತಿನಲ್ಲಿ ಒಂದು ದಿನ ಬಿಟ್ಟರೆ ಆ ದಿನದ ಹೂವೆಲ್ಲ ಹೋದಂತೆ, ರೈತನಿಗೆ ನಷ್ಟ. ಅದಕ್ಕೆ ದಾರಿ ಹೊಲವನ್ನು ಪಾಲು ಮಾಡುವುದು. ಕ್ರಾಸಿಂಗ್ ಶುರುವಾಗುವ ಮೊದಲೇ ಒಂದು ಸುತ್ತು ಹೊಡೆದು ಮುಗಿಸಿ. ಆಮೇಲೆ ಹೊಡೆಯಲೇಬೇಕಾದರೆ ಒಂದೊಂದು ಪಾಲಿಗೆ ಹೊಡೆದು, ಆ ಪಾಲಿನ ಹೂವನ್ನು ಬಿಟ್ಟುಕೊಡಿ. ಹೊಡೆದ ಪಾಲಿನ ಮೂಲೆಗೆ ಕೆಂಪು ಬಟ್ಟೆ ಕಟ್ಟಿ. ಹುಳ ಎಣಿಸದೆ, ವಾರಕ್ಕೊಮ್ಮೆ ಎಂದು ಹೊಡೆಯುವ ಚಾಳಿ ಬಿಟ್ಟರೆ ಹೊಡೆಯುವ ಸುತ್ತೇ ಕಡಿಮೆಯಾಗುತ್ತದೆ.

ಬೆರಳು ಬಿಟ್ಟು ಉಳಿದ ಮೈಗೆ ಬಟ್ಟೆ ಉಂಟು. ಸೀರೆಯ ಮೇಲೆ ಗಂಡನ ತುಂಬುತೋಳಿನ ಅಂಗಿ ಹಾಕುವ ರೂಢಿ ನಮ್ಮ ಹೆಣ್ಣುಮಕ್ಕಳೇ ಮಾಡಿಕೊಂಡದ್ದು, ಒಳ್ಳೆಯ ರೂಢಿ. ಒಣಗಿದ ವಿಷದ ಪುಡಿಯನ್ನು ಒತ್ತಾದ ನೇಯ್ಗೆ ಚೆನ್ನಾಗಿಯೇ ತಡೆಯುತ್ತದೆ. ತೊಂದರೆ ಇಬ್ಬನಿಯದು. ಬೆಳಗಿನ ಇಬ್ಬನಿಯಲ್ಲಿ ಎಲೆಯ ಮೇಲಿನ ವಿಷ ಕರಗಿ ಸೀರೆಯ ಅಂಚಿಗೆ, ಲಂಗಕ್ಕೆ ಇಳಿದು, ಮಧ್ಯಾಹ್ನದವರೆಗೂ ಕಾಲಿಗೆ ಅಂಟಿಕೊಂಡಿರುತ್ತದೆ. ಸೀರೆಯ ಒಳಗೆ ಒಂದು ಪ್ಯಾಂಟು, ಮುಂದೆ ಸೊಂಟದಿಂದ ಮೊಣಕಾಲಿನವರೆಗೆ ಪ್ಲಾಸ್ಟಿಕ್ ಹಾಳೆ ಕಟ್ಟಿಕೊಂಡರೆ ಅರ್ಧ ತೊಂದರೆ ತಪ್ಪುತ್ತದೆ. ಎಲೆ ಅಡಿಕೆ ಹಾಕುವ ಮೊದಲು, ಬುತ್ತಿ ಬಿಚ್ಚುವ ಮೊದಲು ಸಾಬೂನಿನಿಂದ ಕೈ ತೊಳೆಯುವುದು ಅವರ ಪಾಲಿಗೆ ಮಾಸ್ಕಿಗಿಂತ ದೊಡ್ಡದು. ಒಂದು ಬಿಂದಿಗೆ ನೀರು, ಒಂದು ಸಾಬೂನು ಹೊಲದಲ್ಲಿ ಇಡುವುದು ಹೊಲದೊಡೆಯನ ಹೊಣೆ.

ಇನ್ನು ಮಕ್ಕಳ ಮಾತು. ಒಂದು ಕಾಲಕ್ಕೆ ಬೀಜದ ಹೊಲಗಳಲ್ಲಿ ಸಣ್ಣ ಬೆರಳು ಎಂದು ಸಣ್ಣ ಹುಡುಗಿಯರನ್ನೇ ಕರೆತರುತ್ತಿದ್ದರು. 14 ವರ್ಷದೊಳಗಿನವರನ್ನು ಕೂಲಿಗೆ ಇಡುವುದನ್ನು 2016ರ ತಿದ್ದುಪಡಿಯ ನಂತರ ಕಾಯ್ದೆ ಪೂರ್ತಿ ನಿಷೇಧಿಸಿದೆ. ಕಾಯ್ದೆ ಇರಲಿ, ಮಗುವಿನ ತೂಕಕ್ಕೆ ಹೋಲಿಸಿದರೆ ಅದರ ಚರ್ಮದ ಹರವು ದೊಡ್ಡವರಿಗಿಂತ ಹೆಚ್ಚು, ಅಷ್ಟೇ ವಿಷಕ್ಕೆ ಮಗು ಬೇಗ ಬೀಳುತ್ತದೆ. ಅವರಿಗೆ ಒಪ್ಪುವ ಕವಚ ಶಾಲೆಯ ಸಮವಸ್ತ್ರ ಒಂದೇ.

5. ಬೆನ್ನು ಮತ್ತು ಕಾಲು

ಪಂಪಿನ ಮುಚ್ಚಳದಿಂದ ಸೋರಿದ್ದು ಬೆನ್ನಿಗಿಳಿದು ಸೊಂಟದ ಉಡಿದಾರದ ಹತ್ತಿರ ನಿಲ್ಲುತ್ತದೆ. ಹೊತ್ತವನಿಗೆ ಬೆವರೋ ಎಣ್ಣೆಯೋ ತಿಳಿಯುವುದಿಲ್ಲ. ಮುಚ್ಚಳದ ವಾಷರ್ ಹಳತಾದರೆ ಬದಲಾಯಿಸಿ, ಅದಕ್ಕಿಂತ ಅಗ್ಗದ ಕವಚ ಇಲ್ಲ. ಬೆನ್ನಿಗೆ ಒಂದು ಪ್ಲಾಸ್ಟಿಕ್ ಹಾಳೆ ಕಟ್ಟಿಕೊಂಡು ಅದರ ಮೇಲೆ ಪಂಪು ಏರಿಸಿ.

ಕಾಲಿಗೆ ಗಂಬೂಟು. ಪ್ಯಾಂಟನ್ನು ಬೂಟಿನೊಳಗೆ ತುರುಕಬೇಡಿ, ಮೇಲೆ ಬಿಡಿ. ಒಳಗೆ ತುರುಕಿದರೆ ತೊಡೆಯಿಂದ ಇಳಿದದ್ದೆಲ್ಲ ಬೂಟಿನಲ್ಲಿ ತುಂಬಿ ಪಾದ ಅದರಲ್ಲೇ ನೆನೆಯುತ್ತದೆ. ಎರೆ ಮಣ್ಣು ಹಸಿಯಾದಾಗ ಬೂಟು ಹೂತು ಕಾಲು ಎತ್ತಲಾಗುವುದಿಲ್ಲ ಎಂಬ ದೂರು ಸರಿಯೇ. ಮಣ್ಣು ಅಷ್ಟು ಹಸಿಯಿದ್ದರೆ ಆ ದಿನ ಎಣ್ಣೆ ಹೊಡೆಯುವುದನ್ನೇ ಮುಂದೂಡಿ.

ನಾಜಲ್ ಕಟ್ಟಿಕೊಂಡರೆ ಬಾಯಿಯಿಂದ ಊದಬೇಡಿ. ಜೇಬಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ ಇರಲಿ.

6. ಮಾಸ್ಕು ಎಲ್ಲಿ ಬೇಕು, ಎಂಥದು ಬೇಕು

ಕೊರೊನಾ ಕಾಲದಿಂದ ಮನೆಮನೆಗೂ ಎನ್95 ಬಂದಿದೆ. ಅದು ಧೂಳನ್ನು, ಹನಿಯನ್ನು ತಡೆಯುತ್ತದೆ, ಆವಿಯನ್ನು ತಡೆಯುವುದಿಲ್ಲ. ಆ 'ಎನ್' ಎಂದರೆ ಎಣ್ಣೆಯಂಥ ಹನಿಗೆ ಅದು ತಾಳದು ಎಂದೇ ಅರ್ಥ. ಪುಡಿ ಎರಚುವಾಗ, ತೊಗರಿ ರಾಶಿ ಮಾಡುವಾಗ, ಜಿನ್ನಿಂಗ್ ಕೆಲಸದಲ್ಲಿ ಅದು ಸಾಕು. ಘಾಟು ವಾಸನೆಯ ಔಷಧಿಯನ್ನು ಮುಚ್ಚಿದ ಕೋಣೆಯಲ್ಲೋ ಪಾಲಿಹೌಸಿನಲ್ಲೋ ಬಳಸುವುದಾದರೆ ಇದ್ದಿಲು ತುಂಬಿದ ಡಬ್ಬಿಯ ಮಾಸ್ಕು ಬೇಕು. ಆ ಡಬ್ಬಿಗೆ ಆಯುಷ್ಯವಿದೆ, ತೆರೆದಿಟ್ಟರೆ ಗಾಳಿಯಲ್ಲೇ ತೀರಿಹೋಗುತ್ತದೆ. ಕೆಲಸ ಮುಗಿದ ಮೇಲೆ ಚೀಲದಲ್ಲಿ ಕಟ್ಟಿಡಿ. ವಾಸನೆ ಒಳಗೆ ಬಂತೆಂದರೆ ಅದು ಸತ್ತಿದೆ. ದಾಡಿ ಇದ್ದವರಿಗೆ ಯಾವ ಮಾಸ್ಕೂ ಅಂಚಿನಲ್ಲಿ ಕೂರುವುದಿಲ್ಲ.

ಬಯಲು ಹೊಲದಲ್ಲಿ ಗಾಳಿಯನ್ನು ಬೆನ್ನಿಗೆ ಅಥವಾ ಪಕ್ಕಕ್ಕೆ ಇಟ್ಟುಕೊಂಡು ಹೊಡೆಯುವುದು ಎಷ್ಟೋ ಮಾಸ್ಕಿಗಿಂತ ಮೇಲು. ದುಡ್ಡು ಕಡಿಮೆಯಿದ್ದು ಒಂದೇ ಸಾಮಾನು ಕೊಳ್ಳುವುದಾದರೆ ಮಾಸ್ಕಿಗಿಂತ ಮೊದಲು ಕೈಗವಸು ಕೊಳ್ಳಿ ಎನ್ನುತ್ತೇನೆ. ಎರಡನೆಯದು ಬೂಟು.

7. ತೊಡಲಾಗದ ಕವಚ ಕವಚವೇ ಅಲ್ಲ

ಅಡಿಯಿಂದ ಮುಡಿಯವರೆಗೆ ಮುಚ್ಚುವ ಬಿಳಿ ಪ್ಲಾಸ್ಟಿಕ್ ಡ್ರೆಸ್ಸುಗಳನ್ನು ಹಂಚುವ ಕಾರ್ಯಕ್ರಮಗಳು ನಡೆಯುತ್ತಲೇ ಇರುತ್ತವೆ. ಫೋಟೋ ಆದ ಮೇಲೆ ಅವು ಅಟ್ಟ ಸೇರುತ್ತವೆ. ಇದಕ್ಕೆ ರೈತನನ್ನು ಬೈಯುವುದು ಅನ್ಯಾಯ. ನಮ್ಮ ಬಿಸಿಲಲ್ಲಿ ಗಾಳಿ ಆಡದ ಡ್ರೆಸ್ಸು ತೊಟ್ಟು 16 ಲೀಟರ್ ಪಂಪು ಹೊತ್ತು ನಡೆದವನಿಗೆ ವಿಷಕ್ಕಿಂತ ಮೊದಲು ಬಿಸಿಲೇ ಹೊಡೆಯುತ್ತದೆ. ಬೆವರಿ ರಕ್ತ ಚರ್ಮಕ್ಕೆ ಏರಿದಾಗ ಚರ್ಮ ವಿಷವನ್ನು ಹೀರುವುದೂ ಹೆಚ್ಚು. ಅಂಥ ಡ್ರೆಸ್ಸು ತೊಟ್ಟವನು ಮಧ್ಯೆ ಸೆಕೆ ತಾಳದೆ ಎದೆಯವರೆಗೆ ಜಿಪ್ ತೆರೆದರೆ, ಒಳಗೆ ಸಿಕ್ಕಿದ್ದು ಒಳಗೇ ಉಳಿಯುತ್ತದೆ.

ನಾನು ಒಪ್ಪುವ ಏರ್ಪಾಟು ಹೀಗೆ. ಬೆಳಗಿನ ತಂಪಿನಲ್ಲಿ ಅಥವಾ ಇಳಿಹೊತ್ತಿನಲ್ಲಿ ಮಾತ್ರ ಹೊಡೆಯುವುದು. ಒತ್ತು ನೇಯ್ಗೆಯ ತುಂಬುತೋಳಿನ ಅಂಗಿ, ಪ್ಯಾಂಟು. ತೋಯುವ ಕಡೆ ಮಾತ್ರ, ಅಂದರೆ ಬೆನ್ನಿಗೆ, ಸೊಂಟದ ಕೆಳಗೆ ಮುಂಭಾಗಕ್ಕೆ, ಪ್ಲಾಸ್ಟಿಕ್. ತಲೆಗೆ ಟೊಪ್ಪಿಗೆ, ಅಂಚು ಅಗಲವಾಗಿರಲಿ. ಅಂಗಿ ತೊಯ್ದ ಕೂಡಲೇ ಕೆಲಸ ನಿಲ್ಲಿಸಿ ಬದಲಾಯಿಸುವುದಕ್ಕೆ ಇನ್ನೊಂದು ಅಂಗಿ ಬದುವಿನ ಮೇಲೆ.

2024ರ ಡಿಸೆಂಬರಿನಲ್ಲಿ 'ಕಿಸಾನ್ ಕವಚ' ಎಂಬ ಉಡುಪು ಬಿಡುಗಡೆಯಾಯಿತು. ಬೆಂಗಳೂರಿನ ಬ್ರಿಕ್-ಇನ್‌ಸ್ಟೆಮ್ ಸಂಸ್ಥೆ ಸೆಪಿಯೋ ಹೆಲ್ತ್ ಕಂಪನಿಯ ಜೊತೆ ಸೇರಿ ಮಾಡಿದ್ದು. ಅದು ವಿಷವನ್ನು ಬರೀ ತಡೆದು ನಿಲ್ಲಿಸುವ ಬಟ್ಟೆ ಅಲ್ಲ. ನೂಲಿಗೆ ಹಿಡಿಸಿದ ರಾಸಾಯನಿಕ, ಆರ್ಗನೊಫಾಸ್ಫೇಟ್ ಗುಂಪಿನ ವಿಷ ತಗುಲಿದಲ್ಲೇ ಅದನ್ನು ಒಡೆಯುತ್ತದೆ. ಬಟ್ಟೆಯಲ್ಲಿ ಗಾಳಿ ಆಡುತ್ತದೆ, ತೊಳೆದು ಒಂದು ವರ್ಷದವರೆಗೆ ಬಳಸಬಹುದು ಎಂದು ಹೇಳಿದ್ದಾರೆ. ಬಿಡುಗಡೆಯಾದಾಗ ಬೆಲೆ 4,000 ರೂಪಾಯಿ ಇತ್ತು. ನಮ್ಮ ಬಿಸಿಲಿಗೆ ಈ ದಾರಿಯೇ ಸರಿ ಎಂದು ನನ್ನ ನಂಬಿಕೆ. ಒಬ್ಬ ಕೂಲಿಯವನಿಗೆ ಅಷ್ಟು ದುಡ್ಡು ದೊಡ್ಡದು. ರೈತ ಸಂಘಗಳು, ಬೀಜದ ಕಂಪನಿಗಳು ಇದನ್ನು ಕೊಂಡು ಊರಲ್ಲಿ ಇಟ್ಟು, ಹೊಡೆಯುವವರಿಗೆ ಸರದಿಯಲ್ಲಿ ಕೊಡಬೇಕು. ಕೀಟನಾಶಕ ಸಿಂಪಡಿಸುವವರ ಮೈಮೇಲೆ ತಕ್ಕ ರಕ್ಷಣೆಯ ಉಡುಪು ಇರಬೇಕು ಎಂದು 1971ರ ಕೀಟನಾಶಕ ನಿಯಮಗಳಲ್ಲೇ ಇದೆ.

8. ಡ್ರೋನು ಬಂದ ಮೇಲೆ

ಡ್ರೋನಿನಲ್ಲಿ ಹೊಡೆದರೆ ಮನುಷ್ಯನಿಗೆ ಅಪಾಯವಿಲ್ಲ ಎಂಬ ಮಾತು ಅರ್ಧ ಸತ್ಯ. ಹೊಲದೊಳಗೆ ನಡೆಯುವುದು ತಪ್ಪಿತು, ಅದು ದೊಡ್ಡ ಲಾಭ. ಆದರೆ ಕೈಪಂಪಿನಲ್ಲಿ ಎಕರೆಗೆ 150ರಿಂದ 200 ಲೀಟರ್ ನೀರಿಗೆ ಬೆರೆಸುತ್ತಿದ್ದ ವಿಷವನ್ನು ಡ್ರೋನಿಗೆ 10 ಲೀಟರಿನಷ್ಟು ನೀರಿಗೆ ಬೆರೆಸುತ್ತಾರೆ. ಬದುವಿನ ಮೇಲೆ ಟ್ಯಾಂಕು ತುಂಬುವ ಹುಡುಗನ ಕೈಗೆ ತಗುಲುವುದು ಅಷ್ಟು ಪಟ್ಟು ಗಟ್ಟಿ. ಮೂರನೆಯ ಪಾಠದ ಕೈಗವಸು, ಏಪ್ರನ್, ಕನ್ನಡಕ ಅವನಿಗೆ ಖಾಯಂ ಇರಲಿ. ಪಕ್ಕದ ಹೊಲದಲ್ಲಿ ಕಳೆ ತೆಗೆಯುವವರು ಇದ್ದರೆ ಮೊದಲು ಅವರನ್ನು ಎಬ್ಬಿಸಿ, ಆಮೇಲೆ ಡ್ರೋನು ಎಬ್ಬಿಸಿ.

9. ಹಾವಿಗೆ ಬೂಟು, ಕೋಲು, ಸೊಳ್ಳೆಪರದೆ

2000ದಿಂದ 2019ರವರೆಗೆ ಭಾರತದಲ್ಲಿ ವರ್ಷಕ್ಕೆ ಸರಾಸರಿ 58,000 ಮಂದಿ ಹಾವು ಕಚ್ಚಿ ಸತ್ತರೆಂದು ಒಂದು ದೊಡ್ಡ ಅಧ್ಯಯನ ಅಂದಾಜು ಮಾಡಿದೆ. ಇದು ಹಳ್ಳಿಯವರ, ಹೊಲದವರ ಸಾವು. ಕಚ್ಚಿಸಿಕೊಳ್ಳುವುದು ಹೆಚ್ಚಾಗಿ ಪಾದ, ಹರಡು, ಮೀನಖಂಡ. ಮೊಣಕಾಲಿನ ಕೆಳಗಿನವರೆಗೆ ಬರುವ ಗಂಬೂಟು ಅಲ್ಲೆಲ್ಲ ಮುಚ್ಚುತ್ತದೆ. ಎಣ್ಣೆಗೆ ಕೊಂಡ ಬೂಟೇ ಇಲ್ಲಿಗೂ ಆಗುತ್ತದೆ ಎಂದು ಹೇಳಿದರೆ ಕೊಳ್ಳುವವರು ಹೆಚ್ಚುತ್ತಾರೆ, ಇದು ನಾನು ಕಂಡದ್ದು. ಹಾಕಿಕೊಳ್ಳುವ ಮೊದಲು ಬೂಟನ್ನು ತಲೆಕೆಳಗು ಮಾಡಿ ಕೊಡವಿ, ಚೇಳು ಸೇರಿಕೊಂಡಿರುತ್ತದೆ.

ಕೈಗೆ ಕಚ್ಚುವುದು ಹತ್ತಿಕಟ್ಟಿಗೆ ಎತ್ತುವಾಗ, ತೊಗರಿ ಗೂಡಿನಡಿ ಕೈ ಹಾಕುವಾಗ. ಕೈಗವಸಿಗಿಂತ ಅಲ್ಲಿ ಉದ್ದನೆಯ ಕೋಲು ಮೇಲು. ಮೊದಲು ಕೋಲು ಹೋಗಲಿ, ಆಮೇಲೆ ಕೈ.

ನಾಗರಹಾವು, ಕೊಳಕುಮಂಡಲ, ಗರಗಸ ಮಂಡಲ ಇವು ತುಳಿದಾಗ, ಮುಟ್ಟಿದಾಗ ಕಚ್ಚುತ್ತವೆ. ಕಟ್ಟುಹಾವಿನ ರೀತಿ ಬೇರೆ. ಅದು ರಾತ್ರಿ ಮನೆಯೊಳಗೆ ಬಂದು ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ, ಗಾಯ ಕಾಣುವುದೂ ಕಷ್ಟ, ನೋವೂ ಕಡಿಮೆ. ಬೆಳಗಿನ ಜಾವ ಹೊಟ್ಟೆನೋವು, ಕಣ್ಣುರೆಪ್ಪೆ ಇಳಿಯುವುದು ಶುರುವಾಗಿ ಉಸಿರು ಕಟ್ಟುತ್ತದೆ. ಇದಕ್ಕೆ ಯಾವ ಬೂಟೂ ಉತ್ತರವಲ್ಲ. ಮಂಚ, ಮತ್ತು ಹಾಸಿಗೆಯಡಿ ಸುತ್ತಲೂ ಸಿಕ್ಕಿಸಿದ ಸೊಳ್ಳೆಪರದೆ. ಕ್ರಾಸಿಂಗ್ ಕಾಲಕ್ಕೆ ಹೊರಗಿನಿಂದ ಬಂದು ಹೊಲದ ಶೆಡ್ಡಿನಲ್ಲಿ ಸಾಲಾಗಿ ನೆಲದ ಮೇಲೆ ಮಲಗುವ ಕೂಲಿಯವರಿಗೆ ಹೊಲದೊಡೆಯ ಮೊದಲು ಕೊಡಿಸಬೇಕಾದದ್ದು ಈ ಪರದೆ.

10. ಕರೆಂಟಿಗೆ ಬೂಟು ನಂಬಬೇಡಿ

ಗಂಬೂಟು ರಬ್ಬರಿನದು, ಕರೆಂಟ್ ಹಿಡಿಯುವುದಿಲ್ಲ ಎಂದು ಒದ್ದೆ ಕೈಯಲ್ಲಿ ಸ್ಟಾರ್ಟರ್ ಡಬ್ಬಿ ತೆರೆಯುವವರಿದ್ದಾರೆ. ಹೊಲದ ಬೂಟನ್ನು ಕರೆಂಟಿಗೆಂದು ಯಾರೂ ಪರೀಕ್ಷಿಸಿರುವುದಿಲ್ಲ, ಒಳಗೆ ನೀರು ಹೋಗಿದ್ದರೆ, ಅಡಿ ಸವೆದಿದ್ದರೆ ಅದು ಏನೂ ತಡೆಯದು. ಎಣ್ಣೆಯ ಕೈಗವಸೂ ಅಷ್ಟೇ. ಕರೆಂಟಿನ ಕೆಲಸಕ್ಕೆ ವೋಲ್ಟೇಜ್ ಬರೆದ ಬೇರೆಯೇ ಕೈಗವಸು ಇದೆ, ಅದು ಲೈನ್‌ಮನ್ ಕೆಲಸ, ರೈತನದ್ದಲ್ಲ. ಮೋಟಾರಿಗೆ ಸರಿಯಾದ ಅರ್ಥಿಂಗ್, ಗಟ್ಟಿ ಮುಚ್ಚಳದ ಡಬ್ಬಿ, ಇಷ್ಟೇ ನಿಮ್ಮ ಕವಚ. ತೆಲಂಗಾಣದಲ್ಲಿ 2018ರ ಜನವರಿ 1ರಿಂದ ಹೊಲಕ್ಕೆ 24 ಗಂಟೆ ಕರೆಂಟ್ ಕೊಡುವುದು ಶುರುವಾಯಿತು. ಸರದಿ ಕಾಯ್ದು ನಡುರಾತ್ರಿ ಭತ್ತದ ಗದ್ದೆಗೆ ಓಡುವ ಕಾರಣ ತಪ್ಪಿದ್ದು ಹಾವಿನಿಂದಲೂ ಕರೆಂಟಿನಿಂದಲೂ ಎಷ್ಟು ಜನರನ್ನು ದೂರ ಇಟ್ಟಿತು ಎಂಬುದನ್ನು ಹೊಳೆಯಾಚೆಯ ನಮ್ಮ ನೆಂಟರಿಗೆ ನಾನು ಹೇಳುತ್ತಲೇ ಇರುತ್ತೇನೆ.

11. ಕವಚ ತೊಳೆಯುವವರು ಯಾರು?

ಗಂಡ ಹೊಡೆದು ಬಂದ ಅಂಗಿಯನ್ನು ಹೆಂಡತಿ ಬರಿಗೈಯಲ್ಲಿ, ಮಕ್ಕಳ ಬಟ್ಟೆಯ ಜೊತೆಗೇ ನೆನೆಹಾಕುತ್ತಾಳೆ. ಹೊಲದಲ್ಲಿ ತಡೆದ ವಿಷ ಹೀಗೆ ಬಚ್ಚಲಲ್ಲಿ ಇನ್ನೊಬ್ಬರ ಮೈ ಸೇರುತ್ತದೆ. ಹೊಡೆದವನೇ ಕೈಗವಸು ಹಾಕಿಕೊಂಡು ತನ್ನ ಬಟ್ಟೆ ತೊಳೆಯಲಿ. ಬಕೆಟ್ ಬೇರೆ, ಹಗ್ಗ ಬೇರೆ, ಬಿಸಿಲು ಚೆನ್ನಾಗಿ ಬೀಳುವ ಜಾಗ. ಕಾಲುವೆಯಲ್ಲಿ, ಕೆರೆಯಲ್ಲಿ ಜಾಲಿಸಬೇಡಿ. ಹಸಿ ವಿಷ ಚೆಲ್ಲಿ ನೆನೆದ ಅಂಗಿಯನ್ನು ತೊಳೆಯಲು ಹೋಗದೆ ಹೂತುಬಿಡಿ.

ಇನ್ನೊಂದು ಮಾತು. ಅಂಗಡಿಗಳಲ್ಲಿ ಸಿಗುವ ಬೂಟು, ಕೈಗವಸು ಎಲ್ಲ ಗಂಡಸರ ಅಳತೆ. ಹೆಣ್ಣುಮಕ್ಕಳ ಕಾಲಿಗೆ ಸಡಿಲ, ಬೆರಳಿಗೆ ಉದ್ದ. ಸಣ್ಣ ಅಳತೆ ತರಿಸಿ ಎಂದು ಅಂಗಡಿಯವರನ್ನು ಕೇಳುತ್ತ ಇರಿ, ಕೇಳುವವರು ಹೆಚ್ಚಿದರೆ ತರಿಸುತ್ತಾರೆ.

12. ಕವಚ ಸೋತಾಗ

ಎಷ್ಟು ಜೋಪಾನ ಮಾಡಿದರೂ ಒಮ್ಮೊಮ್ಮೆ ತಗುಲುತ್ತದೆ. ಎಣ್ಣೆ ಹೊಡೆದ ದಿನ ಬಾಯಲ್ಲಿ ನೀರೂರುವುದು, ವಿಪರೀತ ಬೆವರು, ಕಣ್ಣು ಮಂಜು, ವಾಂತಿ, ಮಾಂಸಖಂಡ ಅದುರುವುದು ಕಂಡರೆ ಬಿಸಿಲು ಹತ್ತಿತು ಎಂದು ಮಲಗಿಸಬೇಡಿ. ಬಟ್ಟೆ ಪೂರ್ತಿ ಬಿಚ್ಚಿಸಿ, ಸಾಬೂನು ನೀರಿನಲ್ಲಿ ಮೈ, ಕೂದಲು, ಉಗುರಿನ ಸಂದು ತೊಳೆಯಿರಿ. ತೊಳೆಯುವವರೂ ಕೈಗವಸು ಹಾಕಿಕೊಳ್ಳಿ. ವಾಂತಿ ಮಾಡಿಸಲು ಹೋಗಬೇಡಿ. ಆರ್ಗನೊಫಾಸ್ಫೇಟಿಗೆ ಅಟ್ರೋಪಿನ್ ಕೊಡುತ್ತಾರೆ, ಬೇರೆ ವಿಷಕ್ಕೆ ಚಿಕಿತ್ಸೆ ಬೇರೆ. ಅದಕ್ಕೇ ಬಾಟಲಿಯನ್ನು ಚೀಟಿ ಸಮೇತ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಜೊತೆಗೆ ಒಯ್ಯಿರಿ.

ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ಮಂತ್ರದವರ ಮನೆಗೆ ಹೋಗಿ ಹೊತ್ತು ಕಳೆಯಬೇಡಿ. ಕಚ್ಚಿದ ಕೈಕಾಲು ಆಡದಂತೆ ಇಟ್ಟು, ಹಾವಿನ ವಿಷದ ಮದ್ದು ಇರುವ ಆಸ್ಪತ್ರೆಗೆ ನೇರ ಹೋಗಿ. ಕೃಷ್ಣಾ, ಮಾಗನೂರು ಊರುಗಳ ಕಡೆಯವರಿಗೆ ರಾಯಚೂರು ಹತ್ತಿರ, ಗದ್ವಾಲ್ ಕಡೆಯವರಿಗೆ ಕರ್ನೂಲೂ ಉಂಟು. ರಾಜ್ಯದ ಗಡಿ ನೋಡುತ್ತ ಕೂರುವ ಹೊತ್ತು ಅದಲ್ಲ. ಆಂಬ್ಯುಲೆನ್ಸಿಗೆ 108. ವಿಷದ ಬಗ್ಗೆ ಹಗಲು ರಾತ್ರಿ ಸಲಹೆ ಕೊಡುವ ದೆಹಲಿ ಏಮ್ಸ್‌ನ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ಸಂಖ್ಯೆ 1800 116 117. ಈ ಎರಡೂ ಸಂಖ್ಯೆಯನ್ನು ಪಂಪಿನ ಟ್ಯಾಂಕಿನ ಮೇಲೆ ಪೇಂಟಿನಲ್ಲಿ ಬರೆಸಿಡಿ.